ನಿಧಿಯೋ ನಿಕ್ಷೇಪವೋ? ಟೆಂಪ್ಲರ್ ಯತಿಯೋಧರ ಹೂಳಿದ ಹೊನ್ನಿನ ಕಥೆ

ಕನ್ನಡದ ದಾನಶಾಸನಗಳನ್ನು ಓದಿದವರಿಗೆ ‘ಅಷ್ಟಭೋಗ’ವೆಂಬ ಮಾತು ಹೊಸದಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯವೆಂದು ಎಣಿಸಿ, ಭೂಮಿಯೊಡನೆ ಈ ಎಂಟು ಬಗೆಯ ಅನುಭೋಗವನ್ನೂ ಅರಸನು ಧಾರೆಯೆರೆದು ಕೊಡುತ್ತಿದ್ದನು. ಈ ಪಟ್ಟಿಯ ಮೊದಲ ಎರಡು ಪದಗಳನ್ನು ಜೋಡುನುಡಿಯೆಂಬಂತೆ ಒಂದೇ ಉಸಿರಿನಲ್ಲಿ ಹೇಳಿಬಿಡುವುದು ರೂಢಿಯಾಗಿದೆ. ಧರ್ಮಶಾಸ್ತ್ರಕಾರರಾದರೋ ಇವೆರಡನ್ನೂ ಬೇರೆ ಬೇರೆಯಾಗಿಯೇ ಕಂಡಿದ್ದಾರೆ. ಹೂಳಿದವನಾರೆಂಬುದು ಮರೆತುಹೋದ ಮೇಲೆ ನೆಲದೊಳಗೆ ದೊರೆಯುವ ಹೊನ್ನು ನಿಧಿ. ಒಬ್ಬನು ಮತ್ತೊಬ್ಬನನ್ನು ನಂಬಿ ಅವನ ವಶದಲ್ಲಿ ಇರಿಸಿದ ಒಡವೆ ನಿಕ್ಷೇಪ. ಮೊದಲನೆಯದಕ್ಕೆ ಅದೃಷ್ಟವೊಂದಿದ್ದರೆ ಸಾಕು. ಎರಡನೆಯದಕ್ಕೆ ನಂಬಿಕೆ ಬೇಕು, ಲೆಕ್ಕ ಬೇಕು, ಕೇಳಿದಾಗ ಹಿಂದಿರುಗಿಸುವ ಪ್ರಾಮಾಣಿಕತೆ ಬೇಕು.

ಈ ಭೇದವನ್ನು ಅರಿಯದೆ ಹೋದುದರಿಂದ ಎಂತಹ ಅನರ್ಥ ಸಂಭವಿಸಬಹುದೆಂಬುದಕ್ಕೆ ಯುರೋಪಿನ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. ಅದು ಟೆಂಪ್ಲರ್ ಎಂಬ ಯತಿಯೋಧರ ಸಂಘದ ಕಥೆ. ಈ ಸಂಘವು ಅಳಿದು ಏಳು ಶತಮಾನಗಳು ಕಳೆದಿದ್ದರೂ ಅದರ ಹೆಸರಿನಲ್ಲಿ ಕೋಟೆಗಳ ಬುಡವನ್ನು ಅಗೆಯುವವರು, ಇಗರ್ಜಿಗಳ ನೆಲಗಲ್ಲನ್ನು ಎಬ್ಬಿಸುವವರು, ಗುಪ್ತಲಿಪಿಗಳನ್ನು ಬಿಡಿಸಲು ಹೆಣಗುವವರು ಇಂದಿಗೂ ಇದ್ದಾರೆ. ಸಂಘದ ಹೊನ್ನು ಎಲ್ಲಿಯೋ ಹುದುಗಿದೆ, ಅದರ ಗುಟ್ಟನ್ನು ಬಲ್ಲ ರಹಸ್ಯ ಪರಂಪರೆಯೊಂದು ಇನ್ನೂ ಉಳಿದಿದೆ ಎಂಬುದು ಅವರ ನಂಬಿಕೆ. ಈ ನಂಬಿಕೆಯ ಬೇರು ಎಲ್ಲಿದೆ, ಅದು ಯಾರ ಮಾತನ್ನು ಆಧರಿಸಿದೆ ಎಂಬುದು ವಿಚಾರಯೋಗ್ಯವಾದ ಸಂಗತಿ.

ಬಡವರೆಂಬ ಹೆಸರಿನ ಯತಿಗಳು

ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದ ಕೊನೆಯ ವರ್ಷಗಳವು. ಜೆರೂಸಲೇಮ್ ನಗರವು ಕ್ರೈಸ್ತ ಯೋಧರ ವಶದಲ್ಲಿತ್ತು. ಯಾತ್ರಿಕರು ದಾರಿಯಲ್ಲಿ ದರೋಡೆಗೆ ಸಿಕ್ಕಿ ಹತರಾಗುತ್ತಿದ್ದರು. ಅವರ ರಕ್ಷಣೆಗಾಗಿ ಸುಮಾರು 1119ರಲ್ಲಿ ಊಗ್ ದ ಪೇಯಾಂ ಎಂಬ ಫ್ರೆಂಚ್ ಯೋಧನು ಕೆಲವರು ಸಂಗಡಿಗರೊಡನೆ ಒಂದು ಸಂಘವನ್ನು ಕಟ್ಟಿದನು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ದೀಕ್ಷೆಯನ್ನು ತೊಟ್ಟು, ಕೈಯಲ್ಲಿ ಖಡ್ಗವನ್ನೂ ಹಿಡಿದ ಯತಿಗಳಿವರು. ಅಲ್ಲಿಯ ದೊರೆ ಎರಡನೆಯ ಬಾಲ್ಡ್ವಿನ್ನನು ಪೂರ್ವಕಾಲದಲ್ಲಿ ಸೊಲೊಮೋನನ ದೇವಾಲಯವಿತ್ತೆಂದು ಹೇಳಲಾಗುತ್ತಿದ್ದ ಸ್ಥಳದಲ್ಲಿ ಅವರಿಗೆ ಬೀಡನ್ನು ಕೊಟ್ಟನು. ‘ಟೆಂಪ್ಲರ್’ ಎಂದರೆ ದೇಗುಲದವರು ಎಂಬ ಹೆಸರು ಬಂದುದು ಇದರಿಂದಲೇ. ‘ಕ್ರಿಸ್ತನ ಬಡ ಸಹಯೋಧರು’ ಎಂಬುದು ಅವರು ತಮ್ಮನ್ನು ಕರೆದುಕೊಂಡ ಬಗೆ.

1129ರಲ್ಲಿ ಟ್ರ್ವಾ ನಗರದ ಧರ್ಮಸಭೆಯು ಅವರಿಗೆ ನಿಯಮಾವಳಿಯನ್ನು ವಿಧಿಸಿತು. 1139ರಲ್ಲಿ ಎರಡನೆಯ ಇನ್ನೊಸೆಂಟ್ ಪೋಪರು ಅವರನ್ನು ಸ್ಥಳೀಯ ಬಿಷಪ್ಪರ ಅಧಿಕಾರದಿಂದ ಬಿಡಿಸಿ ನೇರವಾಗಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಸಂಘದ ನಿಯಮಗಳು ಬಹು ಕಠಿಣವಾಗಿದ್ದುವು. ಸೋದರನೊಬ್ಬನು ಸತ್ತಾಗ ಅವನ ಬಳಿ ಗುಟ್ಟಾಗಿ ಇಟ್ಟುಕೊಂಡ ಹಣವು ಸಿಕ್ಕಿದರೆ ಅವನಿಗೆ ಪವಿತ್ರಭೂಮಿಯಲ್ಲಿ ಸಮಾಧಿಯೂ ಇಲ್ಲವೆಂದು ವಿಧಿಯಿತ್ತು. ಹೊನ್ನನ್ನು ಬಚ್ಚಿಡುವುದೇ ಮಹಾಪಾತಕವೆಂದು ಸಾರಿದ ಸಂಘದ ಹೆಸರು ಇಂದು ಬಚ್ಚಿಟ್ಟ ಹೊನ್ನಿಗೆ ಪರ್ಯಾಯವಾಗಿ ನಿಂತಿರುವುದು ವಿಧಿಯ ವಿಡಂಬನೆಯೇ ಸರಿ.

ಯತಿಯು ಬಡವನಾದರೂ ಮಠವು ಬಡವಾಗಿರಬೇಕೆಂದಿಲ್ಲ. ಭಕ್ತರು ಭೂಮಿ, ದ್ರಾಕ್ಷಿತೋಟ, ಗಿರಣಿ, ಊರುಗಳನ್ನೇ ದತ್ತಿಯಾಗಿ ಬಿಟ್ಟರು. ಪಶ್ಚಿಮದ ಈ ಉಂಬಳಿಗಳ ಉತ್ಪನ್ನವು ಪೂರ್ವದ ಕೋಟೆಗಳಿಗೆ, ಕುದುರೆಗಳಿಗೆ, ಅನ್ನಕ್ಕೆ ಸಾಗಬೇಕಾಗಿತ್ತು. ಹೀಗೆ ಹಣವನ್ನು ದೂರಕ್ಕೆ ಸಾಗಿಸುವ ವಿದ್ಯೆ ಅವರಿಗೆ ತಾನಾಗಿಯೇ ಕರಗತವಾಯಿತು. ಒಂದೆಡೆ ಹಣ ಕಟ್ಟಿ ಪತ್ರವನ್ನು ಪಡೆದು ಇನ್ನೊಂದೆಡೆ ಹಣ ಪಡೆಯುವ, ನಮ್ಮ ಹುಂಡಿಯನ್ನು ಹೋಲುವ ವ್ಯವಹಾರವು ಬೆಳೆಯಿತು. ಅವರ ಮನೆಗಳಿಗೆ ಭದ್ರವಾದ ಗೋಡೆಗಳಿದ್ದುವು, ಕಾವಲಿಗೆ ಯೋಧರಿದ್ದರು, ಅವರ ಮಾತಿಗೆ ಧರ್ಮದ ಆಣೆಯಿತ್ತು. 1190ರಲ್ಲಿ ಧರ್ಮಯುದ್ಧಕ್ಕೆ ಹೊರಟ ಫ್ರಾನ್ಸಿನ ದೊರೆ ಫಿಲಿಪ್ ಆಗಸ್ಟಸನು ರಾಜ್ಯದ ಆದಾಯವನ್ನು ಪ್ಯಾರಿಸಿನ ಟೆಂಪಲ್ಲಿಗೆ ತಂದು ಒಪ್ಪಿಸಬೇಕೆಂದು ಆಜ್ಞಾಪಿಸಿದನು. ಮುಂದೆ ಬಹುಕಾಲ ಫ್ರಾನ್ಸಿನ ರಾಜಭಂಡಾರವೇ ಅಲ್ಲಿತ್ತು.

ಈ ಭಂಡಾರದ ಸ್ವರೂಪವನ್ನು ಊಹಿಸಿ ತಿಳಿಯಬೇಕಾದುದಿಲ್ಲ. 1295-96ರಲ್ಲಿ ಪ್ಯಾರಿಸಿನ ಟೆಂಪಲ್ಲಿನಲ್ಲಿ ಬರೆದಿಟ್ಟ ರೋಜುಕಿರ್ದಿಯ ಕೆಲವು ಚರ್ಮಪತ್ರದ ಹಾಳೆಗಳು ಉಳಿದುಬಂದಿವೆ. ಲಿಯೋಪೋಲ್ಡ್ ದೆಲೀಲ್ ಎಂಬ ಫ್ರೆಂಚ್ ವಿದ್ವಾಂಸನು 1889ರಲ್ಲಿ ಅವನ್ನು ಬೆಳಕಿಗೆ ತಂದನು. ದಿನದಿನಕ್ಕೆ ಬಂದ ಹಣವೆಷ್ಟು, ಯಾರ ಖಾತೆಗೆ ಜಮೆ, ಯಾರ ಪರವಾಗಿ ಪಾವತಿ ಎಂಬ ಬರಿಯ ಲೆಕ್ಕವಲ್ಲದೆ ಅಲ್ಲಿ ಬೇರೇನೂ ಇಲ್ಲ. ಒಳಬಂದ ಹಣ ಹೊರಹೋಗುತ್ತಿತ್ತು. ಅದರ ಬಹುಭಾಗ ಅನ್ಯರದು. ಟೆಂಪ್ಲರರ ಐಶ್ವರ್ಯವೆಂಬುದು ಮುಖ್ಯವಾಗಿ ಭೂಮಿ ಮತ್ತು ನಂಬಿಕೆ. ಭೂಮಿಯನ್ನು ಹಡಗಿನಲ್ಲಿ ಹೇರಲಾಗದು. ನಂಬಿಕೆಯನ್ನು ಕೊಪ್ಪರಿಗೆಯಲ್ಲಿ ತುಂಬಿ ಹೂಳಲಾಗದು.

ಅರಸನ ಕಣ್ಣು

1291ರಲ್ಲಿ ಏಕರ್ ನಗರವು ಬಿದ್ದು ಪೂರ್ವದೇಶದ ಕ್ರೈಸ್ತರಾಜ್ಯವು ಕೊನೆಗೊಂಡಿತು. ಯಾತ್ರಿಕರನ್ನು ಕಾಯಲೆಂದು ಹುಟ್ಟಿದ ಸಂಘಕ್ಕೆ ಕಾಯುವ ದಾರಿಯೇ ಇಲ್ಲದಂತಾಯಿತು. ಅದೇ ವೇಳೆಗೆ ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ಪನು ಯುದ್ಧಗಳ ಸಾಲದಲ್ಲಿ ಮುಳುಗಿದ್ದನು. ನಾಣ್ಯದ ಬೆಳ್ಳಿಯನ್ನು ತಗ್ಗಿಸಿ ಪ್ರಜೆಗಳನ್ನು ಕಾಡಿದನು. 1306ರಲ್ಲಿ ಯೆಹೂದ್ಯರನ್ನು ದೇಶದಿಂದ ಹೊರಗಟ್ಟಿ ಅವರ ಸೊತ್ತನ್ನು ಕಿತ್ತುಕೊಂಡನು. ಅದೇ ವರ್ಷದ ಕೊನೆಯಲ್ಲಿ ನಾಣ್ಯದ ಏರಿಳಿತದಿಂದ ರೊಚ್ಚಿಗೆದ್ದ ಪ್ಯಾರಿಸಿನ ಜನ ದಂಗೆಯೆದ್ದಾಗ ಅವನು ಅಡಗಿಕೊಂಡುದು ಟೆಂಪಲ್ಲಿನ ಗೋಡೆಗಳ ಮರೆಯಲ್ಲಿಯೇ. ಆಶ್ರಯವಿತ್ತ ಮನೆಯ ಮೇಲೆ ಅವನ ಕೈ ಬೀಳಲು ಒಂದು ವರ್ಷವೂ ಹಿಡಿಯಲಿಲ್ಲ.

1307ರ ಸೆಪ್ಟೆಂಬರ್ 14ರಂದು ಗುಪ್ತಾಜ್ಞೆಗಳು ಹೊರಟುವು. ಅಕ್ಟೋಬರ್ 13ರ ಶುಕ್ರವಾರ ಬೆಳಗಿನ ಜಾವದಲ್ಲಿ ಫ್ರಾನ್ಸಿನಾದ್ಯಂತ ಟೆಂಪ್ಲರರನ್ನು ಸೆರೆಹಿಡಿಯಲಾಯಿತು. ದೀಕ್ಷೆಯ ಸಮಯದಲ್ಲಿ ಕ್ರಿಸ್ತನನ್ನು ಅಲ್ಲಗಳೆಯುತ್ತಾರೆ, ಶಿಲುಬೆಯ ಮೇಲೆ ಉಗುಳುತ್ತಾರೆ, ಅಸಭ್ಯವಾಗಿ ನಡೆದುಕೊಳ್ಳುತ್ತಾರೆ, ತಲೆಯೊಂದರ ವಿಗ್ರಹವನ್ನು ಪೂಜಿಸುತ್ತಾರೆ ಎಂಬುದು ಆರೋಪ. ಒಟ್ಟಿನಲ್ಲಿ, ಬಹಿರಂಗದ ಸಂಘದೊಳಗೆ ಇನ್ನೊಂದು ಗುಪ್ತಸಂಘವಿದೆಯೆಂಬುದು ದೊರೆಯ ವಾದವಾಗಿತ್ತು. ಮುಂದಿನ ಎಲ್ಲ ರಹಸ್ಯಕಥೆಗಳ ತಾಯಿಬೇರು ಇದೇ ಎಂಬುದನ್ನು ಗಮನಿಸಬೇಕು.

ಆರೋಪಕ್ಕೆ ಸಾಕ್ಷ್ಯ ದೊರೆತ ಬಗೆಯಾದರೂ ಎಂತಹುದು? ಪ್ಯಾರಿಸಿನಲ್ಲಿ ಆ ವರ್ಷದ ಕೊನೆಯ ತಿಂಗಳುಗಳಲ್ಲಿ ವಿಚಾರಣೆಗೊಳಗಾದ 138 ಜನರಲ್ಲಿ 134 ಮಂದಿ ತಪ್ಪೊಪ್ಪಿಕೊಂಡರು. ಒಪ್ಪಿಗೆಯ ಹಿಂದೆ ಚಿತ್ರಹಿಂಸೆಯಿತ್ತು. 1309ರಲ್ಲಿ ಪೋಪರ ವಿಚಾರಣಾಮಂಡಲಿಯ ಮುಂದೆ ನಿಂತ ಪೊನ್ಸಾರ್ ದ ಜೀಸಿ ಎಂಬ ಸೋದರನು, ಪ್ಯಾರಿಸಿನಲ್ಲಿ 36 ಸೋದರರು ಹಿಂಸೆಯಿಂದಲೇ ಸತ್ತರೆಂದು ಹೇಳಿದನು. ಹಿಂಸೆಯಿಲ್ಲದ ಕಡೆ ಗುಟ್ಟೂ ಇರಲಿಲ್ಲ. ಸೈಪ್ರಸ್ ದ್ವೀಪದಲ್ಲಿ 1310ರಲ್ಲಿ ನಡೆದ ವಿಚಾರಣೆಯಲ್ಲಿ ಅಲ್ಲಿಯ ಟೆಂಪ್ಲರರು ಆರೋಪಗಳೆಲ್ಲವನ್ನೂ ಒಕ್ಕೊರಲಿನಿಂದ ನಿರಾಕರಿಸಿದರು. ಪೂಜಿಸುತ್ತಿದ್ದರೆನ್ನಲಾದ ವಿಗ್ರಹವನ್ನು ಅರಸಿದಾಗ ಪ್ಯಾರಿಸಿನಲ್ಲಿ ಸಿಕ್ಕಿದುದು ಸ್ತ್ರೀಮುಖದ ಒಂದು ಬೆಳ್ಳಿಯ ಕರಂಡಕ. ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಅಸ್ಥಿಗಳೂ 58 ಎಂಬ ಅಂಕೆಯ ಚೀಟಿಯೂ ಇದ್ದುವು. ಸಂತರ ಅಸ್ಥಿಗಳನ್ನು ಹೀಗೆ ಕಾಪಿಡುವುದು ಆ ಕಾಲದ ಇಗರ್ಜಿಗಳಲ್ಲೆಲ್ಲ ಇದ್ದ ಪದ್ಧತಿ.

ತಮ್ಮ ಸಂಘದ ಪರವಾಗಿ ಮಾತನಾಡಲು ಧೈರ್ಯ ತಾಳಿದವರ ಗತಿಯು ಬೇರೆಯಾಯಿತು. ಹಿಂದಿನ ಒಪ್ಪಿಗೆಯನ್ನು ಹಿಂತೆಗೆದುಕೊಂಡರೆಂದು 1310ರ ಮೇ 12ರಂದು 54 ಮಂದಿಯನ್ನು ಪ್ಯಾರಿಸಿನ ಹೊರವಲಯದಲ್ಲಿ ಜೀವಂತವಾಗಿ ಸುಟ್ಟರು. ಸಂಘದ ಕೊನೆಯ ಮಹಾಧಿಪತಿ ಜಾಕ್ ದ ಮೊಲೆಯು 1314ರ ಮಾರ್ಚಿನಲ್ಲಿ ತನ್ನ ಒಪ್ಪಿಗೆಯನ್ನು ಬಹಿರಂಗವಾಗಿ ಅಲ್ಲಗಳೆದು, ಜತೆಗಾರ ಜೆಫ್ರುವಾ ದ ಶಾರ್ನೆಯೊಡನೆ ಸೇನ್ ನದಿಯ ನಡುಗಡ್ಡೆಯಲ್ಲಿ ಬೆಂಕಿಗೆ ಆಹುತಿಯಾದನು.

ಹೊನ್ನು ಎಲ್ಲಿಗೆ ಹೋಯಿತು?

ದೊರೆಯು ನಿರೀಕ್ಷಿಸಿದ ಹೊನ್ನಿನ ರಾಶಿ ಸಿಗಲಿಲ್ಲವೆಂಬುದೇ ನಿಧಿಶೋಧಕರ ಮುಖ್ಯ ವಾದ. ಸಿಗಲಿಲ್ಲವಾದರೆ ಅದನ್ನು ಮೊದಲೇ ಸಾಗಿಸಿರಬೇಕೆಂದು ಅವರ ತರ್ಕ. ಇದಕ್ಕೆ ಆಧಾರವಾಗಿ ಒಂದು ಹೇಳಿಕೆಯನ್ನು ಮುಂದೊಡ್ಡುತ್ತಾರೆ. 1308ರ ಜೂನಿನಲ್ಲಿ ಪ್ವಾತಿಯೆ ನಗರದಲ್ಲಿ ಪೋಪರ ಮುಂದೆ ಜಾನ್ ದ ಶಾಲೋಂ ಎಂಬ ಸೋದರನು ಸಾಕ್ಷ್ಯ ನುಡಿದನು. ಬಂಧನದ ಸುಳಿವು ಮೊದಲೇ ತಿಳಿದು ಫ್ರಾನ್ಸಿನ ಪ್ರಾಂತಾಧಿಪತಿ ಜೆರಾರ್ ದ ವಿಲಿಯೆಯು 50 ಕುದುರೆಗಳೊಡನೆ ಓಡಿಹೋಗಿ 18 ಹಡಗುಗಳಲ್ಲಿ ಸಮುದ್ರಕ್ಕಿಳಿದನೆಂದೂ, ಊಗ್ ದ ಶಾಲೋಂ ಎಂಬವನು ಸಂಘದ ಹಿರಿಯ ಅಧಿಕಾರಿಯೊಬ್ಬನ ಭಂಡಾರವನ್ನೆಲ್ಲ ಒಯ್ದನೆಂದೂ ಅವನ ಹೇಳಿಕೆ. ಹಡಗಿನ ಮಾತು ಅವನು ಕಣ್ಣಾರೆ ಕಂಡುದಲ್ಲ, ಕೇಳಿದುದು, ನುಡಿದವನು ಸೆರೆಯಾಳು. ಈ ಎರಡು ಸಾಲುಗಳ ಮೇಲೆ ಮುಂದಿನವರು ಲಾ ರೊಶೆಲ್ ಬಂದರನ್ನೂ ಹೊನ್ನಿನ ಬಂಡಿಗಳನ್ನೂ ಸ್ಕಾಟ್ಲೆಂಡಿನ ಅಜ್ಞಾತವಾಸವನ್ನೂ ಒಂದೊಂದಾಗಿ ಪೇರಿಸಿದರು.

ಇನ್ನೊಂದು ಬಗೆಯ ದಾಖಲೆಯನ್ನು ಇವರಾರೂ ಎತ್ತುವುದಿಲ್ಲ. ಬಂಧನದ ದಿನ ದೊರೆಯ ಅಧಿಕಾರಿಗಳು ಮನೆಮನೆಗೂ ಹೋಗಿ ಬರೆದುಕೊಂಡ ಜಪ್ತಿಪಟ್ಟಿಗಳಲ್ಲಿ ಕೆಲವು ಉಳಿದಿವೆ. ನಾರ್ಮಂಡಿಯ ಪಟ್ಟಿಗಳನ್ನು ನೋಡಿದರೆ ಅಲ್ಲಿರುವುದು ಹಸು, ಕುರಿ, ಹಂದಿ, ಕಣಜದ ಧಾನ್ಯ, ನೇಗಿಲು, ಅಡುಗೆಯ ಪಾತ್ರೆ, ಪೂಜೆಯ ವಸ್ತ್ರ ಮುಂತಾದವು. ಹಳ್ಳಿಯ ಟೆಂಪ್ಲರ್ ಮನೆಯೆಂದರೆ ಒಂದು ಒಕ್ಕಲುಮನೆ. ಅಲ್ಲಿಯ ಸೋದರರಲ್ಲಿ ಬಹುಮಂದಿ ಕತ್ತಿ ಹಿಡಿದವರೇ ಅಲ್ಲ, ಉಳುವವರು, ದನ ಕಾಯುವವರು, ವಯಸ್ಸಾದವರು.

1312ರ ಮಾರ್ಚ್ 22ರಂದು ಐದನೆಯ ಕ್ಲೆಮೆಂಟ್ ಪೋಪರು ಸಂಘವನ್ನು ರದ್ದುಗೊಳಿಸಿದರು. ಇದು ಅಪರಾಧವು ಸಿದ್ಧವಾಗಿ ಕೊಟ್ಟ ತೀರ್ಪಲ್ಲ. ಹೆಸರು ಕೆಟ್ಟಿತೆಂಬ ಕಾರಣದಿಂದ ಅಧಿಕಾರಬಲದಿಂದ ಮಾಡಿದ ಏರ್ಪಾಡು. ಮೇ 2ರ ಆಜ್ಞೆಯಂತೆ ಆಸ್ತಿಯು ಹಾಸ್ಪಿಟಲರ್ ಎಂಬ ಸೋದರಸಂಘಕ್ಕೆ ಸೇರಬೇಕಾಯಿತು. ಅರಗಾನಿನ ದೊರೆಯ ಒತ್ತಾಯದಿಂದ ವೇಲೆನ್ಸಿಯ ಪ್ರಾಂತದ ಆಸ್ತಿಯಲ್ಲಿ 1317ರಲ್ಲಿ ಮೊಂತೇಸಾ ಸಂಘವೂ, ಪೋರ್ಚುಗಲ್ಲಿನಲ್ಲಿ 1319ರಲ್ಲಿ ಕ್ರಿಸ್ತಸಂಘವೂ ಹುಟ್ಟಿದುವು. ಫ್ರಾನ್ಸಿನಲ್ಲಿಯಾದರೋ ಆಸ್ತಿಯು ಹಾಸ್ಪಿಟಲರರ ಕೈಗೆ ಸುಲಭವಾಗಿ ಬರಲಿಲ್ಲ. ಟೆಂಪಲ್ಲಿನಲ್ಲಿ ತಾನು ಇರಿಸಿದ್ದ ಹಣ ತನಗೆ ಹಿಂದಿರುಗಲಿಲ್ಲವೆಂದು ಫಿಲಿಪ್ಪನು ದೂರಿ, 1313ರಲ್ಲಿ ಹಾಸ್ಪಿಟಲರರಿಂದ 2,00,000 ಲೀವ್ರ್ ನಾಣ್ಯಗಳನ್ನು ಒಪ್ಪಿಸಿಕೊಂಡನು. ಭಂಡಾರಕ್ಕೆ ಬೀಗ ಮುರಿದು ನುಗ್ಗಿದವನೇ ನನ್ನ ನಿಕ್ಷೇಪವೆಲ್ಲಿ ಎಂದು ಕೇಳಿದ ಪರಿಯಿದು. ‘ಕಾಣೆಯಾದ ಹೊನ್ನು’ ಎಂಬ ಕಥೆಯಿಂದ ಲಾಭ ಪಡೆದ ಮೊದಲಿಗನು ಅದನ್ನು ಕಸಿದವನೇ ಎಂದರೆ ತಪ್ಪಾಗದು.

ರಹಸ್ಯಸಂಘದ ಪುನರ್ಜನ್ಮ

ಆಮೇಲೆ ನಾಲ್ಕು ಶತಮಾನಗಳ ಕಾಲ ಟೆಂಪ್ಲರರು ಚರಿತ್ರೆಯ ಪುಟಗಳಲ್ಲಿ ಮಲಗಿದ್ದರು. 18ನೆಯ ಶತಮಾನದಲ್ಲಿ ಯುರೋಪಿನಲ್ಲಿ ಫ್ರೀಮೇಸನ್ ಸಂಘಗಳು ಹಬ್ಬಿದುವು. ಕಲ್ಲುಕುಟಿಗರ ವೃತ್ತಿಕೂಟಗಳ ವಂಶವೆನ್ನುವುದಕ್ಕಿಂತ ವೀರಯೋಧರ ವಂಶವೆನ್ನುವುದು ಶ್ರೀಮಂತ ಸದಸ್ಯರಿಗೆ ಹಿತವಾಗಿತ್ತು. 1750ರ ದಶಕದಲ್ಲಿ ಜರ್ಮನಿಯ ಬ್ಯಾರನ್ ಫಾನ್ ಹುಂಟನು ತನ್ನ ಶಾಖೆಯು ಅಜ್ಞಾತ ಹಿರಿಯರ ಮೂಲಕ ಟೆಂಪ್ಲರರಿಂದಲೇ ಇಳಿದುಬಂದಿದೆಯೆಂದು ಸಾರಿದನು. ಆ ಹಿರಿಯರಾರೆಂಬುದನ್ನು ಅವನು ತೋರಿಸಲಾರದೆ ಹೋದನು. 1782ರಲ್ಲಿ ವಿಲ್ಹೆಲ್ಮ್ಸ್‌ಬಾಡಿನಲ್ಲಿ ಸೇರಿದ ಅವರದೇ ಮಹಾಸಭೆಯು ಈ ವಂಶಕಥೆಯನ್ನು ಕೈಬಿಟ್ಟಿತು. ಸಭೆ ಕೈಬಿಟ್ಟರೂ ಜನ ಕೈಬಿಡಲಿಲ್ಲ. ಫ್ರಾನ್ಸಿನ ಕ್ರಾಂತಿಯಲ್ಲಿ ಹದಿನಾರನೆಯ ಲೂಯಿಯನ್ನು 1792ರಲ್ಲಿ ಸೆರೆಯಿಟ್ಟುದು ಪ್ಯಾರಿಸಿನ ಅದೇ ಟೆಂಪಲ್ಲಿನ ಗೋಪುರದಲ್ಲಾದುದರಿಂದ, ಮೊಲೆಯ ಸೇಡನ್ನು ಗುಪ್ತಸಂಘವು ತೀರಿಸಿಕೊಂಡಿತೆಂದು ಬರೆದವರೂ ಉಂಟು.

ಗಿಸೋರಿನ ಗುಳಿ

20ನೆಯ ಶತಮಾನದಲ್ಲಿ ಕಥೆಯು ಹಾರೆ ಗುದ್ದಲಿಗಳನ್ನು ಕೈಗೆತ್ತಿಕೊಂಡಿತು. ನಾರ್ಮಂಡಿಯ ಗಿಸೋರ್ ಕೋಟೆಯ ಕಾವಲುಗಾರನಾಗಿದ್ದ ರೋಜೆ ಲೋಮ್ವಾ ಎಂಬವನು ರಾತ್ರಿಯ ವೇಳೆ ಒಬ್ಬನೇ ಕೋಟೆಯ ನೆಲವನ್ನು ಅಗೆಯುತ್ತಿದ್ದನು. 1946ರಲ್ಲಿ ತಾನು ನೆಲದಡಿಯ ಒಂದು ದೊಡ್ಡ ಪೂಜಾಗೃಹವನ್ನೂ ಅದರೊಳಗೆ ಪ್ರತಿಮೆಗಳನ್ನೂ 19 ಕಲ್ಲಿನ ಶವಪೆಟ್ಟಿಗೆಗಳನ್ನೂ 30 ಲೋಹದ ಪೆಟ್ಟಿಗೆಗಳನ್ನೂ ಕಂಡೆನೆಂದು ಸಾರಿದನು. ಆಡಳಿತವು ಆ ಅಪಾಯಕರ ಸುರಂಗವನ್ನು ಮುಚ್ಚಿಸಿತು. 1962ರಲ್ಲಿ ಜೆರಾರ್ ದ ಸೇದ್ ಎಂಬ ಪತ್ರಕರ್ತನು ಇದನ್ನು ಟೆಂಪ್ಲರರ ನಿಧಿಗೆ ತಳುಕುಹಾಕಿ ಪುಸ್ತಕ ಬರೆದನು. ದೇಶವೇ ಕುತೂಹಲಗೊಂಡಿತು. ಸಂಸ್ಕೃತಿ ಸಚಿವರಾಗಿದ್ದ ಪ್ರಸಿದ್ಧ ಕಾದಂಬರಿಕಾರ ಆಂದ್ರೆ ಮಾಲ್ರೋ ಅವರ ಕಾಲದಲ್ಲಿ, 1964ರಲ್ಲಿ, ಸೈನ್ಯದ ಇಂಜಿನಿಯರುಗಳೇ ಬಂದು ಅಗೆದರು. ಪೂಜಾಗೃಹವಾಗಲಿ ಪೆಟ್ಟಿಗೆಗಳಾಗಲಿ ಸಿಗಲಿಲ್ಲ. ಎಂಟು ಶತಮಾನಗಳಿಂದ ನಿಂತಿದ್ದ ಗೋಪುರದ ಬುಡವು ಸಡಿಲವಾಗಿ ಅದನ್ನು ಭದ್ರಪಡಿಸಬೇಕಾಯಿತು.

ಚರಿತ್ರೆಯನ್ನು ಮೊದಲೇ ತೆರೆದು ನೋಡಿದ್ದರೆ ಈ ಶ್ರಮವು ತಪ್ಪುತ್ತಿತ್ತು. ಟೆಂಪ್ಲರರ ಕೈಯಲ್ಲಿ ಗಿಸೋರ್ ಇದ್ದುದು 1158ರಿಂದ 1160ರವರೆಗೆ ಮಾತ್ರ. ಫ್ರಾನ್ಸಿನ ರಾಜಕುಮಾರಿಗೂ ಇಂಗ್ಲೆಂಡಿನ ರಾಜಕುಮಾರನಿಗೂ ನಿಶ್ಚಯವಾದ ಮದುವೆಯ ಬಳುವಳಿಯಾಗಿ ಆ ಕೋಟೆ ಗೊತ್ತಾಗಿತ್ತು. ಮದುವೆಯಾಗುವವರೆಗೆ ಎರಡೂ ಕಡೆಯವರು ನಂಬಿದ ಮೂರನೆಯವರ ವಶದಲ್ಲಿರಲೆಂದು ಅದನ್ನು ಟೆಂಪ್ಲರರಿಗೆ ಒಪ್ಪಿಸಿದ್ದರು. 1160ರಲ್ಲಿ ಮದುವೆ ನಡೆದೊಡನೆ ಅವರು ಅದನ್ನು ಇಂಗ್ಲೆಂಡಿನ ದೊರೆಗೆ ಬಿಟ್ಟುಕೊಟ್ಟರು. ಗಿಸೋರ್ ಅವರ ಪಾಲಿಗೆ ಅಕ್ಷರಶಃ ಒಂದು ನಿಕ್ಷೇಪವಾಗಿತ್ತು. ಅದನ್ನೇ ನಿಧಿಯೆಂದು ಭ್ರಮಿಸಿ ಅಗೆದರು.

ಗುರುವಿನ ಲೆಕ್ಕದ ಪುಸ್ತಕ

ಇದೇ ಜೆರಾರ್ ದ ಸೇದನ ಇನ್ನೊಂದು ಪುಸ್ತಕ 1967ರಲ್ಲಿ ಹೊರಬಂದಿತು. ಅದರ ವಸ್ತು ದಕ್ಷಿಣ ಫ್ರಾನ್ಸಿನ ಬೆಟ್ಟದ ಹಳ್ಳಿ ರೆನ್-ಲ-ಶಾತೋ. 1885ರಲ್ಲಿ ಅಲ್ಲಿಗೆ ಬಂದ ಬೆರಾಂಜೆ ಸೋನಿಯೆರ್ ಎಂಬ ಬಡ ಗುರುವು ಹಾಳುಬಿದ್ದ ಇಗರ್ಜಿಯನ್ನು ಜೀರ್ಣೋದ್ಧಾರ ಮಾಡಿ, ಮಹಲನ್ನೂ ಗೋಪುರವನ್ನೂ ಕಟ್ಟಿಸಿದನು. ಹಣವೆಲ್ಲಿಂದ ಬಂದಿತೆಂದು ಅವನ ಬಿಷಪ್ಪರೇ ವಿಚಾರಣೆ ನಡೆಸಿದರು. ಉತ್ತರವು ಅವನ ಲೆಕ್ಕದ ಪುಸ್ತಕಗಳಲ್ಲಿಯೇ ಇತ್ತು. ದೂರದೂರದ ಭಕ್ತರಿಂದ ಬಲಿಪೂಜೆಗಾಗಿ ಕಾಣಿಕೆ ತರಿಸಿಕೊಳ್ಳುತ್ತಿದ್ದನು. ಗುರುವೊಬ್ಬನು ಜೀವಮಾನವಿಡೀ ದಿನಕ್ಕೊಂದರಂತೆ ಅರ್ಪಿಸಿದರೂ ಮುಗಿಯದಷ್ಟು ಪೂಜೆಗಳಿಗೆ ಹಣ ಬಂದಿತ್ತು. 1911ರಲ್ಲಿ ಅವನಿಗೆ ಶಿಕ್ಷೆಯಾಯಿತು, 1917ರಲ್ಲಿ ತೀರಿಕೊಂಡನು.

ಅವನ ಮಹಲನ್ನು ಕೊಂಡ ನೊಯೆಲ್ ಕೋರ್ಬ್ಯೂ 1955ರಲ್ಲಿ ಅಲ್ಲಿ ಊಟದ ಹೋಟೆಲೊಂದನ್ನು ತೆರೆದನು. ಗಿರಾಕಿಗಳನ್ನು ಸೆಳೆಯಲು ಗುರುವಿಗೆ ನಿಧಿ ಸಿಕ್ಕಿತ್ತೆಂಬ ಕಥೆಯನ್ನು ಹೇಳತೊಡಗಿದನು. 1956ರಲ್ಲಿ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆ ಮೊದಲ ಕಥೆಯಲ್ಲಿ ನಿಧಿಯು 13ನೆಯ ಶತಮಾನದ ರಾಣಿ ಬ್ಲಾಂಷಳದೆಂದಿತ್ತು. ಅದನ್ನು ರಹಸ್ಯಸಂಘಕ್ಕೆ ಜೋಡಿಸಿದವನು ಪಿಯರ್ ಪ್ಲಾಂಟಾರ್. ಇವನು 1956ರಲ್ಲಿ ಗೆಳೆಯರೊಡನೆ ‘ಸಿಯೋನಿನ ಪ್ರಯರಿ’ ಎಂಬ ಸಂಘವನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಿದ್ದನು. ಮುಂದೆ ಅದು 1099ರಲ್ಲಿಯೇ ಹುಟ್ಟಿ ಟೆಂಪ್ಲರರನ್ನು ತೆರೆಮರೆಯಿಂದ ನಡೆಸಿದ ಸಂಘವೆಂದೂ, ಲಿಯೊನಾರ್ಡೊ, ನ್ಯೂಟನ್, ವಿಕ್ಟರ್ ಹ್ಯೂಗೊ ಮೊದಲಾದವರು ಅದರ ಅಧಿಪತಿಗಳಾಗಿದ್ದರೆಂದೂ ಪಟ್ಟಿಗಳನ್ನು ಸೃಷ್ಟಿಸಿ 1967ರಲ್ಲಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೇರಿಸಲಾಯಿತು. ಇಗರ್ಜಿಯಲ್ಲಿ ಸಿಕ್ಕಿದುವೆಂದ ಚರ್ಮಪತ್ರಗಳನ್ನು ರಚಿಸಿದವನು ಅವನ ಗೆಳೆಯ ಫಿಲಿಪ್ ದ ಶೆರಿಸೆ. 1982ರಲ್ಲಿ ಇಂಗ್ಲಿಷಿನ ಜನಪ್ರಿಯ ಪುಸ್ತಕವೊಂದು ಇದನ್ನು ಜಗತ್ತಿಗೆಲ್ಲ ಹಬ್ಬಿಸಿತು. 1993ರಲ್ಲಿ ಬೇರೊಂದು ಮೊಕದ್ದಮೆಯ ತನಿಖೆಯಲ್ಲಿ ಪ್ಲಾಂಟಾರನು ಪ್ರಮಾಣಪೂರ್ವಕವಾಗಿ ಎಲ್ಲವೂ ತನ್ನ ಕಲ್ಪನೆಯೆಂದು ಒಪ್ಪಿಕೊಂಡನು. ಆದರೂ 2003ರ ‘ದ ಡಾ ವಿಂಚಿ ಕೋಡ್’ ಕಾದಂಬರಿಯು ಅದನ್ನು ಮತ್ತೆ ಬದುಕಿಸಿತು. ಈ ನಡುವೆ ಶೋಧಕರ ಹಾವಳಿಯನ್ನು ತಾಳಲಾರದೆ ಹಳ್ಳಿಯ ಪಂಚಾಯಿತಿಯು 1965ರಲ್ಲಿಯೇ ಊರಿನಲ್ಲಿ ಅಗೆತವನ್ನು ನಿಷೇಧಿಸಬೇಕಾಗಿ ಬಂದಿತ್ತು.

ಕೆನಡಾದ ಓಕ್ ದ್ವೀಪದಲ್ಲಿಯೂ ಬಚ್ಚಿಟ್ಟ ನಿಧಿಗಾಗಿ ಎರಡು ಶತಮಾನಗಳಿಗೂ ಮೀರಿ ಅಗೆತ ನಡೆದಿದೆ. ಅದೂ ಟೆಂಪ್ಲರರದೇ ಎನ್ನುವವರಿದ್ದಾರೆ. ಅಲ್ಲಿ ಆರು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ನಾಲ್ವರು 1965ರಲ್ಲಿ ಒಂದೇ ದಿನ ಒಂದೇ ಗುಂಡಿಯಲ್ಲಿ ಸತ್ತರು.

ನಿಜವಾಗಿ ದೊರೆತುದು

ಟೆಂಪ್ಲರರಿಗೆ ಸಂಬಂಧಿಸಿದಂತೆ ಈಚೆಗೆ ದೊರೆತ ಒಂದು ಒಡವೆಯುಂಟು. ಅದು ಹಾರೆಯಿಂದ ದೊರೆತುದಲ್ಲ. 2001ರಲ್ಲಿ ಬಾರ್ಬರಾ ಫ್ರಾಲೆ ಎಂಬ ಇಟಲಿಯ ವಿದುಷಿಯು ವ್ಯಾಟಿಕನ್ನಿನ ಪತ್ರಾಗಾರದಲ್ಲಿ ಹಳೆಯ ಕಟ್ಟುಗಳನ್ನು ಓದುತ್ತಿದ್ದಾಗ, ಪಟ್ಟಿಯಲ್ಲಿ ಸರಿಯಾಗಿ ನಮೂದಾಗದೆ ಮರೆಯಾಗಿದ್ದ ಚರ್ಮಪತ್ರವೊಂದನ್ನು ಗುರುತಿಸಿದರು. 1308ರ ಆಗಸ್ಟ್ 17ರಿಂದ 20ರವರೆಗೆ ಶಿನೋನ್ ಕೋಟೆಯಲ್ಲಿ ಪೋಪರ ಪ್ರತಿನಿಧಿಗಳಾದ ಮೂವರು ಕಾರ್ಡಿನಲ್ಲರು ಮೊಲೆಯನ್ನೂ ಇತರ ಮುಖ್ಯರನ್ನೂ ವಿಚಾರಿಸಿ, ಕ್ಷಮಾದಾನವಿತ್ತು, ಧರ್ಮದ ಬಳಗಕ್ಕೆ ಮರಳಿ ಸೇರಿಸಿಕೊಂಡ ದಾಖಲೆಯದು. 2007ರಲ್ಲಿ ವ್ಯಾಟಿಕನ್ ಅದನ್ನು ಇತರ ವಿಚಾರಣಾಪತ್ರಗಳೊಡನೆ ಪ್ರಕಟಿಸಿತು. ಧರ್ಮಗುರುಗಳ ಕ್ಷಮೆಯನ್ನು ಪಡೆದಿದ್ದ ಮುದುಕನನ್ನು ಆರು ವರ್ಷಗಳ ತರುವಾಯ ಬೆಂಕಿಗೆ ಹಾಕಿದರೆಂಬ ಸತ್ಯವು ಆ ಹಾಳೆಯಿಂದ ಸ್ಪಷ್ಟವಾಯಿತು.

ಟೆಂಪ್ಲರರು ರಹಸ್ಯವಿದ್ಯೆಯನ್ನು ಕಾಪಾಡಿದ್ದರು, ಗುಪ್ತವಾದ ಒಳಸಂಘವನ್ನು ಕಟ್ಟಿದ್ದರು ಎಂದು ಮೆಚ್ಚುಗೆಯಿಂದ ಹೇಳುವವನು ತಾನು ಅವರ ಪಕ್ಷವೆಂದೇ ತಿಳಿದಿರುತ್ತಾನೆ. ಆದರೆ ಆ ಮಾತಿಗೆ ಮೂಲ ಫಿಲಿಪ್ಪನ ಆರೋಪಪತ್ರ. ಅದಕ್ಕೆ ಸಾಕ್ಷಿ ಚಿತ್ರಹಿಂಸೆಯ ಕೋಣೆಯಲ್ಲಿ ಹೊರಟ ಚೀತ್ಕಾರ. ಹೂಳಿದ ಹೊನ್ನನ್ನು ನಂಬಬೇಕಾದರೆ ಮೊದಲು ಸುಟ್ಟವನ ಮಾತನ್ನು ನಂಬಬೇಕು. ಸುಟ್ಟುಕೊಂಡವರು ಸಾಯುವ ಗಳಿಗೆಯಲ್ಲಿ ಹೇಳಿದುದು ಬೇರೆ: ಅಂತಹ ಗುಟ್ಟು ಯಾವುದೂ ಇಲ್ಲವೆಂದು. ಅರಸನಿಗೆ ಹೊನ್ನು ಬೇಕಾಗಿತ್ತು; ಆದುದರಿಂದ ಗುಟ್ಟು ಬೇಕಾಯಿತು. ಇಂದಿನ ಶೋಧಕನಿಗೂ ಅದೇ ಹೊನ್ನು ಬೇಕು. ಆದುದರಿಂದ ಅದೇ ಗುಟ್ಟು ಬೇಕಾಗಿದೆ.

ಟೆಂಪ್ಲರರು ನಿರ್ದೋಷಿಗಳ ಮಂಡಲಿಯೆಂದು ಹೇಳಬೇಕಾದುದಿಲ್ಲ. ಬಡತನದ ದೀಕ್ಷೆ ತೊಟ್ಟವರು ಅರಸರ ಹಣಕಾಸಿನ ಕಾರುಬಾರಿಗೆ ಕೈಹಾಕಿ, ಆ ಅರಸರ ಕಣ್ಣಿಗೇ ಕಿಸುರಾದರು. ಆದರೆ ಅವರು ಕಾಪಾಡಿದ್ದು ಪರರ ನಿಕ್ಷೇಪವನ್ನು, ಬರೆದಿಟ್ಟದ್ದು ಅದರ ಲೆಕ್ಕವನ್ನು. ಆ ರೋಜುಕಿರ್ದಿಯ ಹಾಳೆಗಳೂ ಶಿನೋನಿನ ಚರ್ಮಪತ್ರವೂ ಇಂದು ಓದಲು ದೊರೆಯುತ್ತವೆ. ಗಿಸೋರಿನ ಗುಳಿಯಲ್ಲಿ ಸಿಕ್ಕಿದುದು ಮಣ್ಣು.